ಅರೆಯುವುದನ್ನು ಬಿಟ್ಟ ಮೇಲೆ ಬೆಳೆದ ಮ್ಯೂಕರ್: ಪ್ರಯೋಗಾಲಯದ ನನ್ನ ಅನುಭವ

2021ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ಚೇತರಿಸಿಕೊಂಡು ಮನೆಗೆ ಹೋಗಿದ್ದ ಮಧುಮೇಹಿಗಳು ಊದಿದ ಕೆನ್ನೆ, ಜೋತುಬಿದ್ದ ರೆಪ್ಪೆಗಳೊಂದಿಗೆ ಮರಳಿ ಬರತೊಡಗಿದಾಗ, ನಮ್ಮ ಜಿಲ್ಲಾ ಮಟ್ಟದ ಪ್ರಯೋಗಾಲಯದಿಂದ ಹೊರಟ ಮೊದಲ ಹತ್ತು ಹನ್ನೆರಡು ಕಲ್ಚರ್ (ಮಾದರಿಯನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಗಳಲ್ಲಿ ‘ಕಪ್ಪು ಶಿಲೀಂಧ್ರ’ವೆಂದು ಹೆಸರಾದ ಮ್ಯೂಕರ್ ಇರಲೇ ಇಲ್ಲ. ಇಎನ್‌ಟಿ ವೈದ್ಯರು ಮೂಗಿನೊಳಗಿನ ಕಪ್ಪಾದ ಟರ್ಬಿನೇಟ್ ಮೂಳೆಯನ್ನು ಕಣ್ಣಾರೆ ಕಂಡು ಕಳುಹಿಸಿದ್ದ ತುಣುಕುಗಳವು.

ಒಂದಷ್ಟು ಮಾದರಿಗಳು ಜೀವಕೋಶಗಳನ್ನೇ ಕೊಲ್ಲುವ ಫಾರ್ಮಲಿನ್‌ನಲ್ಲಿ ಬಂದಿದ್ದವು, ಅವುಗಳ ಆಸೆ ಅಲ್ಲಿಗೇ ಮುಗಿಯಿತು. ಶನಿವಾರ ಸಂಜೆ ಬಂದ ಎರಡನ್ನು ನಾವೇ ಸೋಮವಾರದವರೆಗೆ ಫ್ರಿಜ್ಜಿನಲ್ಲಿಟ್ಟು ಕೆಡಿಸಿದೆವು. ಉಳಿದವನ್ನು ಕೊಂದದ್ದು ಅಂಗಾಂಶ ಅರೆಯುವ ನಮ್ಮ ಟಿಶ್ಯೂ ಗ್ರೈಂಡರ್. ಅಡ್ಡಗೋಡೆಗಳೇ ವಿರಳವಾದ ಈ ಶಿಲೀಂಧ್ರದ ಎಳೆಗಳನ್ನು ಅರೆದರೆ ಒಳಗಿನ ಜೀವರಸವೆಲ್ಲ ಸೋರಿಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ ನಾನೇ ಅರೆಯುತ್ತಿದ್ದೆ. ತಪ್ಪು ಹೊಳೆದ ಮರುದಿನದಿಂದ ಸ್ಕಾಲ್ಪೆಲ್‌ನಲ್ಲಿ ಒಂದು ಮಿಲಿಮೀಟರಿನಷ್ಟು ಚೂರುಗಳಾಗಿ ಕತ್ತರಿಸಿ, ಮ್ಯೂಕರ್ ಬೆಳೆಯದಂತೆ ತಡೆಯುವ ಸೈಕ್ಲೋಹೆಕ್ಸಿಮೈಡ್ ಇಲ್ಲದ, ಶಿಲೀಂಧ್ರ ಬೆಳೆಸುವ ಸಾಬುರಾ ಅಗಾರ್‌ನಲ್ಲಿ ಅರ್ಧ ಹುದುಗಿಸಿ, 37 ಡಿಗ್ರಿಯಲ್ಲಿಟ್ಟೆ. ಹಿರಿಯ ಸಹೋದ್ಯೋಗಿಯೊಬ್ಬರು ‘ಇದೇನು ತರಕಾರಿ ಹೆಚ್ಚುವ ಕೆಲಸವೇ’ ಎಂದು ನಕ್ಕರು. ಮೂರನೆಯ ದಿನ ಬೂದುಬಣ್ಣದ ಹತ್ತಿ ಪ್ಲೇಟಿನ ಮುಚ್ಚಳ ಮುಟ್ಟಿತ್ತು: ಮ್ಯೂಕರ್ ಗುಂಪಿನದೇ ಆದ ರೈಜೋಪಸ್.

ಆದರೆ ವಾರ್ಡಿನವರು ಮೂರು ದಿನ ಕಾಯುವಂತಿರಲಿಲ್ಲ. ಅರವತ್ತು ಕೆಜಿ ತೂಕದ ರೋಗಿಗೆ ಕೆಜಿಗೆ 5 ಮಿಗ್ರಾಂನಂತೆ ಶಿಲೀಂಧ್ರದ ಔಷಧಿ ಲೈಪೋಸೋಮಲ್ ಆಂಫೊಟೆರಿಸಿನ್ ಕೊಡಲು 50 ಮಿಗ್ರಾಂನ ಆರು ವಯಲ್ ದಿನಕ್ಕೆ ಬೇಕು. ಆಗ ಸಿಕ್ಕರೆ ಒಂದಕ್ಕೆ ಐದಾರು ಸಾವಿರ, ಅಂದರೆ ದಿನಕ್ಕೆ ಮೂವತ್ತು ಸಾವಿರದ ಮೇಲೆ. ಅಷ್ಟು ಹಣ ಹೊಂದಿಸಬೇಕಾದ ಮನೆಯವರಿಗೆ ನಮ್ಮಲ್ಲಿ ಅಂದೇ ಉತ್ತರ ಕೊಡಬಲ್ಲದ್ದು ಕೆಒಎಚ್ ಮಾತ್ರ, ಅಂದರೆ ಅಂಗಾಂಶವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಶಿಲೀಂಧ್ರವನ್ನು ಹೊಳೆಯಿಸುವ ಕ್ಯಾಲ್ಕೋಫ್ಲೋರ್ ಬಣ್ಣ ತರಿಸಿ ಕೆಲವು ಸಾವಿರ ಕಳೆದುಕೊಂಡೆ, ಏಕೆಂದರೆ ಕ್ಷಯದ ಕಫ ನೋಡುವ ನಮ್ಮ ಎಲ್‌ಇಡಿ ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಅದು ಹೊಳೆಯಲಿಲ್ಲ. ಅದಕ್ಕೆ ಅತಿನೇರಳೆ ಬೆಳಕು ಬೇಕು. ಕೊನೆಗೆ ಕೈಹಿಡಿದದ್ದು ಕೆಒಎಚ್‌ಗೆ ಬೆರೆಸಿದ ಪಾರ್ಕರ್ ಶಾಯಿ. ಎಷ್ಟು ಶಾಯಿ, ಎಷ್ಟು ಹೊತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಎರಡು ಬಾಟಲಿ ಖರ್ಚಾಗಿದೆ. ಅಗಲವಾದ, ರಿಬ್ಬನ್ನಿನಂತೆ ಮಡಚಿಕೊಂಡ ಎಳೆಗಳು ನೀಲಿಯಾಗಿ ಎದ್ದು ಕಂಡವು. ಅಂಗಾಂಶದ ಬದಲು ಹತ್ತಿಯ ಸ್ವಾಬ್ ಕಳುಹಿಸಿದವರಿಗೆ ನಾನು ಅದನ್ನು ಹಿಂದಿರುಗಿಸುತ್ತಿದ್ದೆ, ಏಕೆಂದರೆ ಹತ್ತಿಯ ನಾರನ್ನು ಎಳೆಯೆಂದು ಒಮ್ಮೆ ಓದಿ ಮುಖಭಂಗವಾಗಿತ್ತು.

ನೆನಪಿನಂತೆ ಆ ಬೇಸಿಗೆ, ಮಳೆಗಾಲಗಳಲ್ಲಿ ನೋಡಿದ ಎಪ್ಪತ್ತರಷ್ಟು ಅಂಗಾಂಶಗಳಲ್ಲಿ ನಲವತ್ತಕ್ಕೂ ಹೆಚ್ಚರಲ್ಲಿ ಕೆಒಎಚ್ ಪಾಸಿಟಿವ್ ಬಂತು, ಮೂವತ್ತರಷ್ಟು ಬೆಳೆದವು. ನಕ್ಕವರೇ ಆಮೇಲೆ ಹೊಸ ಸ್ಕಾಲ್ಪೆಲ್ ಬ್ಲೇಡುಗಳಿಗೆ ಇಂಡೆಂಟ್ ಹಾಕಿದರು.

ಆಮ್ಲಜನಕಕ್ಕೆ ತೇವ ಕೊಡುವ ಹ್ಯೂಮಿಡಿಫೈಯರ್ ನೀರೇ ಸೋಂಕಿನ ಮೂಲವೆಂಬ ಗುಲ್ಲಿದ್ದುದರಿಂದ ಹತ್ತೆಂಟು ಬಾಟಲಿಗಳ ನೀರನ್ನೂ ಬೆಳೆಸಿ ನೋಡಿದೆ. ಬ್ಯಾಕ್ಟೀರಿಯಾ ಬಂದವು, ಮ್ಯೂಕರ್ ಬರಲಿಲ್ಲ. ಅಷ್ಟರಿಂದ ಏನನ್ನೂ ಸಾಧಿಸಿದಂತಾಗದು. ಆ ಉತ್ಸಾಹದಲ್ಲೇ ಮ್ಯೂಕರ್ ಬೆಳೆದ ಪ್ಲೇಟೊಂದನ್ನು ಸುರಕ್ಷತಾ ಕ್ಯಾಬಿನೆಟ್ಟಿನ ಹೊರಗೆ, ಫ್ಯಾನಿನ ಕೆಳಗೆ ತೆರೆದೆ. ಬೀಜಕಗಳು ಗಾಳಿಯಲ್ಲಿ ಹರಡಿ, ಆ ವಾರ ಮೂತ್ರದ ಕಲ್ಚರ್ ಪ್ಲೇಟುಗಳಲ್ಲೂ ರೈಜೋಪಸ್ಸೇ ಬೆಳೆಯಿತು.