ಹಟ್ಟಿಯ ಮ್ಯಾಟ್ ಮೇಲೆ ಟ್ರಿಪಲ್ ಜಂಪ್: ನನ್ನ ಅನುಭವ

ಅಂತರಕಾಲೇಜು ಮೀಟ್‌ನಲ್ಲಿ ನಮ್ಮ ಹುಡುಗರು ಟ್ರಿಪಲ್ ಜಂಪ್ ಪದಕ ತರಲು ಶುರು ಮಾಡಿದ ಮೇಲೆ ನನಗೆ ಬರುವ ಫೋನು ಜಾಸ್ತಿಯಾಗಿದೆ. ಹೆಚ್ಚಿನವರು ದೈಹಿಕ ಶಿಕ್ಷಣದ ಮಾಷ್ಟ್ರುಗಳೇ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ಕಾಲೇಜು, ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಹಾಸ್ಟೆಲ್ ಇಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಕೆರೆಯಾಗಿರುತ್ತದೆ. ಅಲ್ಲಿಂದ ಹದಿನೈದು ಮೀಟರ್ ಹಾರುವವನು ಹೇಗೆ ಬಂದ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆಗೇ ಬರೆದಿಡುತ್ತೇನೆ. ಹೊಸಬರಿಗೆ ಒಂದು ಮಾತು: ಓಡಿ ಬಂದು ಬೋರ್ಡ್ ತುಳಿದು ಹಾರಿ ಅದೇ ಕಾಲಲ್ಲಿ ಇಳಿಯುವುದು ಹಾಪ್, ಅಲ್ಲಿಂದ ಹಾರಿ ಇನ್ನೊಂದು ಕಾಲಲ್ಲಿ ಇಳಿಯುವುದು ಸ್ಟೆಪ್, ಕೊನೆಗೆ ಮರಳಿನ ಪಿಟ್‌ಗೆ ಹಾರುವುದು ಜಂಪ್. ಬೋರ್ಡ್ ದಾಟಿ ತುಳಿದರೆ ಫೌಲ್.

ನಾನು ಕೆಲಸಕ್ಕೆ ಸೇರಿದಾಗ ಅತಿಥಿ ಉಪನ್ಯಾಸಕ. ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ಬಂತು. ಮಂಗಳೂರು ಕಡೆ ಬಿ.ಪಿ.ಎಡ್ ಮುಗಿಸಿದ್ದೆ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಆರು ವಾರದ ಕೋಚಿಂಗ್ ಕೋರ್ಸ್ ಮಾಡಿದ್ದೆ. ಮೊದಲ ಕೆಲವು ವರ್ಷ ಎಲ್ಲರ ಹಾಗೆ ನೂರು, ಇನ್ನೂರು, ರಿಲೇ ಅಂತ ಓಡಿಸಿದೆ. ಸ್ಪ್ರಿಂಟ್‌ನಲ್ಲಿ ಕೇರಳದ ದೊಡ್ಡ ಕಾಲೇಜುಗಳ ಎದುರು ನಮ್ಮವರು ಮೊದಲ ಸುತ್ತಿನ ಹೀಟ್ಸ್ ದಾಟುತ್ತಿರಲಿಲ್ಲ. ಪಿ.ಟಿ. ಉಷಾ, ಅಂಜು ಬಾಬಿ ಜಾರ್ಜ್ ಹುಟ್ಟಿದ ರಾಜ್ಯ ಇದು, ಇಲ್ಲಿ ಜಿಲ್ಲಾ ಮಟ್ಟದಲ್ಲೇ ಪೈಪೋಟಿ ಹಾಗಿರುತ್ತದೆ. ಟ್ರಿಪಲ್ ಜಂಪ್‌ನಲ್ಲಿ ಮಾತ್ರ ಜಾಗ ಕಾಣಿಸಿತು. ಬರೇ ವೇಗ ಇದ್ದರೆ ಸಾಲದು, ಕಾಲಿಗೆ ಕಲಿಸಬೇಕು. ಕಲಿಸುವುದಕ್ಕೆ ನನ್ನ ಹತ್ತಿರ ಸಮಯ ಇತ್ತು.

ಆಗ ಒಬ್ಬ ಹುಡುಗ 12.40 ಮೀಟರ್ ಆಸುಪಾಸು ಹಾರುತ್ತಿದ್ದ. ಟೇಪ್ ಹಿಡಿದು ಒಂದೊಂದು ಹಂತ ಅಳೆದೆ. ಹಾಪ್ ಐದು ಮೀಟರ್ ಇಪ್ಪತ್ತು, ಸ್ಟೆಪ್ ಎರಡೂ ತೊಂಬತ್ತು, ಜಂಪ್ ನಾಲ್ಕೂ ಮೂವತ್ತು. ನಡುವಿನ ಸ್ಟೆಪ್ ಸತ್ತೇ ಹೋಗಿತ್ತು. ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಗೋಥೆನ್‌ಬರ್ಗ್‌ನಲ್ಲಿ 18.29 ಹಾರಿ ವಿಶ್ವದಾಖಲೆ ಮಾಡಿದ್ದರ ಹಂತಗಳನ್ನು ನೋಡಿ: 6.05, 5.22, 7.02. ಆ ಮನುಷ್ಯ ಹಾಪ್‌ನಲ್ಲಿ ಮೇಲಕ್ಕೆ ಹೋಗುವುದೇ ಇಲ್ಲ, ನೆಲ ಸವರಿಕೊಂಡು ಮುಂದೆ ಹೋಗುತ್ತಾನೆ. ಉಳಿಸಿಕೊಂಡ ವೇಗವನ್ನೆಲ್ಲ ಕೊನೆಗೆ ಖರ್ಚು ಮಾಡುತ್ತಾನೆ. ನಮ್ಮ ಕಡೆ ಎಲ್ಲರೂ "ಎತ್ತರ ಹಾಪ್, ಎತ್ತರ ಹಾಪ್" ಅಂತ ಕೂಗಿ ಕಲಿಸುತ್ತಿದ್ದರು. ಎತ್ತರದಿಂದ ಬಿದ್ದ ಕಾಲು ಮಡಚಿ ಹೋಗುತ್ತದೆ, ಸ್ಟೆಪ್ ಎಲ್ಲಿಂದ ಬರಬೇಕು?

ನಾನು ಹಿಡಿದ ದಾರಿ ಇಷ್ಟೇ. ಮಳೆಗಾಲ ಪೂರ್ತಿ ಆರು ಹೆಜ್ಜೆಯ ರನ್‌ಅಪ್. ಅಕ್ಟೋಬರ್ ತನಕ ಅದಕ್ಕಿಂತ ಒಂದು ಹೆಜ್ಜೆಯೂ ಹೆಚ್ಚಿಲ್ಲ. ವೇಗ ಕಮ್ಮಿ ಇರುವಾಗ ಸ್ಟೆಪ್ ಸುಮ್ನೆ ಬರುವುದಿಲ್ಲ, ದುಡಿದು ತರಬೇಕು. ಹಾಗೆ ದುಡಿದ ಕಾಲು ವೇಗ ಬಂದಾಗಲೂ ಕುಸಿಯುವುದಿಲ್ಲ. ಪೂರ್ತಿ ರನ್‌ಅಪ್‌ನಲ್ಲಿ ದಿನಾ ಹಾರಿಸಿದರೆ ಹುಡುಗ ಹಾಪ್‌ನ ಚಟಕ್ಕೆ ಬೀಳುತ್ತಾನೆ. ಮೀಟ್‌ಗಳಲ್ಲಿ ನನ್ನನ್ನು "ಆರು ಹೆಜ್ಜೆ ಮಾಷ್" ಅಂತ ಕರೆಯುತ್ತಿದ್ದರು. "ಹದಿನಾರು ಹೆಜ್ಜೆ ಓಡುವಾಗ ನಿಮ್ಮವರಿಗೆ ಬೋರ್ಡ್ ಸಿಗುತ್ತದಾ?" ಅಂತ ಕಣ್ಣೂರಿನ ಹಿರಿಯ ಕೋಚ್ ಒಬ್ಬರು ಎಲ್ಲರೆದುರೇ ಕೇಳಿದ್ದರು. ಆ ವರ್ಷ ಸಿಗಲೂ ಇಲ್ಲ. ನಮ್ಮವನು ಮೂರಕ್ಕೆ ಮೂರೂ ಫೌಲ್ ಮಾಡಿ ಬಸ್ಸು ಹತ್ತಿದ.

ಅದಕ್ಕಿಂತ ದೊಡ್ಡ ತಲೆನೋವು ನೆಲ. ನಮ್ಮದು ಮುರಕಲ್ಲಿನ ಪದವು, ಅಂದರೆ ಕೆಂಪು ಕಲ್ಲಿನ ಬಯಲು. ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ, ಮಳೆಗಾಲದಲ್ಲಿ ಪಾಚಿ. ಮೊದಲ ಬ್ಯಾಚ್‌ನಲ್ಲಿ ಅರ್ಧಕ್ಕರ್ಧ ಹುಡುಗರಿಗೆ ಮೊಣಕಾಲ ಕೆಳಗಿನ ಎಲುಬು ನೋವು ಬಂತು. ಒಬ್ಬನಂತೂ ಆ ಸೀಸನ್ ಪೂರ್ತಿ ಕಾಲು ನೆಲಕ್ಕೆ ಊರಲಿಲ್ಲ. ತೆಂಗಿನ ನಾರಿನ ಪುಡಿ ತಂದು ಹಾಸಿದೆ. ಒಂದು ಮಳೆಗೆ ನೀರು ಕುಡಿದು ಕೆಸರಾಯಿತು, ಎರಡನೇ ವಾರಕ್ಕೆ ಅಣಬೆ ಎದ್ದಿತು. ಹಳೆಯ ಕಾಯರ್ ಮ್ಯಾಟ್ ಹಾಸಿದೆ, ಕಾಲಿಟ್ಟ ಕಡೆ ಜಾರಿತು. ಹುಲ್ಲಿನ ಇಳಿಜಾರಿನಲ್ಲಿ ಬೌಂಡಿಂಗ್, ಅಂದರೆ ಉದ್ದುದ್ದ ಹೆಜ್ಜೆಯ ಜಿಗಿತ, ಮಾಡಿಸಿದೆ, ಅದು ಚೆನ್ನಾಗಿಯೇ ಇತ್ತು, ಆದರೆ ಆಟಿ ತಿಂಗಳ ಮಳೆಯಲ್ಲಿ ಅಲ್ಲಿ ನಿಲ್ಲುವುದೇ ಕಷ್ಟ.

ಆಗ ಹಟ್ಟಿಯ ಮ್ಯಾಟ್ ಹೊಳೆಯಿತು. ದನಕ್ಕೆ ಮಲಗಲು ಹಾಸುವ ದಪ್ಪ ರಬ್ಬರ್ ಮ್ಯಾಟ್, ಉದ್ದ ಏಳು ಅಡಿ, ಅಗಲ ನಾಲ್ಕು. ಹೊಸದಕ್ಕೆ ಆಗ ಎರಡು ಸಾವಿರದ ಹತ್ತಿರ ಇತ್ತು. ಡೈರಿ ಮುಚ್ಚಿದವರೊಬ್ಬರ ಹತ್ತಿರ ಹಳೆಯದು ಡಜನ್‌ನಷ್ಟು ಸಿಕ್ಕಿತು, ಒಂದಕ್ಕೆ ಏಳುನೂರೋ ಏಳುನೂರೈವತ್ತೋ ಕೊಟ್ಟ ನೆನಪು. ಬಿಲ್ ಇಟ್ಟರೆ ಆಫೀಸಿನಿಂದ ವಾಪಸ್ ಬಂತು, ದನದ ಮ್ಯಾಟ್ ಕ್ರೀಡಾ ಸಾಮಗ್ರಿ ಅಲ್ಲವಂತೆ. ಹೆಂಡತಿ ಎತ್ತಿದ ಚಿಟ್ಟಿಯ ದುಡ್ಡಿನಲ್ಲಿ ಕೊಟ್ಟೆ. ಆ ಎಂಟೊಂಬತ್ತು ಸಾವಿರದಷ್ಟು ಒಳ್ಳೆಯ ಖರ್ಚು ನನ್ನ ಇಡೀ ಸರ್ವಿಸ್‌ನಲ್ಲಿ ಬೇರೆ ಇಲ್ಲ. ಗೊರಸು ತಡೆಯುವ ರಬ್ಬರ್ ಅದು, ಹುಡುಗರ ಕಾಲು ಏನು ಮಾಡೀತು? ತೀರಾ ಮೆತ್ತಗೂ ಇಲ್ಲ, ಕಾಲನ್ನು ವಾಪಸ್ ಎಸೆಯುತ್ತದೆ.

ಮ್ಯಾಟ್ ಹಾಸಲು ಮಾಡು ಬೇಕಲ್ಲ. ನಮ್ಮ ವಿದ್ಯಾರ್ಥಿಯೊಬ್ಬನ ಅಪ್ಪನದು ಅಡಿಕೆ ತೋಟ. ಅವರ ಮನೆಯಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಇತ್ತು, ಉದ್ದ ಎಪ್ಪತ್ತು ಅಡಿ ಹತ್ತಿರ. ಜುಲೈ ಹೊತ್ತಿಗೆ ಅಡಿಕೆ ಸುಲಿದು ಮುಗಿದಿರುತ್ತದೆ, ಹೊಸ ಕೊಯ್ಲಿನ ತನಕ ಖಾಲಿ. "ಮಾಷ್ಟ್ರೇ, ಮಕ್ಕಳು ಹಾರುವುದಾದರೆ ಹಾರಲಿ, ಪ್ಲಾಸ್ಟಿಕ್ ಹರಿಯದಿದ್ದರೆ ಸಾಕು" ಅಂದರು. ಆರು ಹೆಜ್ಜೆ ಓಡಿ ಹಾಪ್, ಸ್ಟೆಪ್ ಹಾರಲು ಅಲ್ಲಿ ಸರಿಯಾಗಿ ಜಾಗ ಸಿಕ್ಕಿತು. ತುದಿಯಲ್ಲಿ ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲಗಳ ರಾಶಿ, ಅದೇ ನಮ್ಮ ಪಿಟ್. ಸಿಪ್ಪೆ ಹದಿನೈದು ದಿನಕ್ಕೆ ಕುಸಿಯುತ್ತದೆ, ಹೊಸದು ತುಂಬಬೇಕು, ಇರುವೆ ನೋಡಿಕೊಳ್ಳಬೇಕು. ಎರಡು ಬದಿಯ ಪರದೆ ಎತ್ತಿಡಿ, ಇಲ್ಲದಿದ್ದರೆ ಬಿಸಿಲು ಬಂದ ಕ್ಷಣ ಒಳಗೆ ಉಸಿರು ಕಟ್ಟುತ್ತದೆ. ಮ್ಯಾಟಿನ ಸಂದು ಬಿಡದಂತೆ, ಅಂಚು ಏಳದಂತೆ ಕೂಡಿಸಿದ್ದು ಹೇಗೆ ಅಂತ ಕೇಳಬೇಡಿ. ಅದಕ್ಕೆ ಎರಡು ಮಳೆಗಾಲ ಹೋಗಿದೆ, ಅದು ನಮ್ಮಲ್ಲೇ ಇರಲಿ.

ಇನ್ನು ದಿಗಿಣದ ವಿಷಯ, ಯಕ್ಷಗಾನದಲ್ಲಿ ಸುತ್ತಿ ಸುತ್ತಿ ಹಾರುವ ಕುಣಿತ ಅದು. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಇಲ್ಲಿ ಯಕ್ಷಗಾನ ಕಲಿಯದ ಹುಡುಗರು ಕಮ್ಮಿ. ಒಂದು ಸಂಘದ ಆಟದಲ್ಲಿ ನಮ್ಮ ಕಾಲೇಜಿನವನೇ ಒಬ್ಬ ಅಭಿಮನ್ಯು ಮಾಡಿದ್ದ. ಒಂದರ ಹಿಂದೆ ಒಂದು ದಿಗಿಣ ಹಾಕುತ್ತಾನೆ, ಚೆಂಡೆಯವರ ಕೈ ಸೋಲಬೇಕು, ಇವನ ಕಾಲಲ್ಲ. ನಾನು ನೋಡಿದ್ದು ಗೆಜ್ಜೆಯನ್ನು. ಕಾಲು ನೆಲ ಮುಟ್ಟಿದಾಗ ಒಂದೇ ಗಟ್ಟಿ ಸದ್ದು, "ಝಣ್" ಅಂತ, ಮುಗಿಯಿತು. ಅವನ ಪಕ್ಕದ ವೇಷಧಾರಿಯ ಗೆಜ್ಜೆ "ಝಣಝಣಝಣ" ಅಂತ ಎಳೆಯುತ್ತಿತ್ತು, ಅಂದರೆ ಕಾಲು ಅಷ್ಟು ಹೊತ್ತು ನೆಲದಲ್ಲೇ ಕೂತಿದೆ. ಮರುವಾರದಿಂದ ಸೋಲಾರ್‌ನೊಳಗೆ ಎಲ್ಲರ ಕಾಲಿಗೂ ಗೆಜ್ಜೆ ಕಟ್ಟಿಸಿದೆ. ಪ್ಲಾಸ್ಟಿಕ್ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದರೂ ಅದು ಕೇಳುತ್ತದೆ. ಯಾರ ಸ್ಟೆಪ್ ಕುಸಿಯಿತು ಅಂತ ಬೆನ್ನು ಹಾಕಿ ನಿಂತೇ ಹೇಳಬಲ್ಲೆ. ಸ್ಲೋ ಮೋಷನ್ ವಿಡಿಯೋ ತೆಗೆದು ಹೋಲಿಸಿ ನೋಡಿದ್ದೇನೆ, ಕಿವಿ ತಪ್ಪಿದ್ದು ಬಹಳ ಅಪರೂಪ.

ತಾಳವೂ ಅಷ್ಟೇ. ಹೊಸಬರು ಮೂರು ಹಂತವನ್ನು "ತಾಂ... ತತ್ತಾಂ" ಅಂತ ಹಾರುತ್ತಾರೆ. ನಮಗೆ ಬೇಕಾದದ್ದು "ತಾಂ, ತಾಂ, ತಾಂ", ನಡುವೆ ಒಂದೇ ಅಂತರ. ಚೆಂಡೆ ಕಲಿಯುತ್ತಿದ್ದ ಹುಡುಗನನ್ನು ಕೂರಿಸಿ ಹಲಗೆಯ ಮೇಲೆ ಬಾರಿಸಲು ಹೇಳಿದೆ. ಅವನ ಪೆಟ್ಟಿಗೆ ಸರಿಯಾಗಿ ಕಾಲು ಬೀಳಬೇಕು. ಪೆಟ್ಟಿನ ಅಂತರವನ್ನು ಎಷ್ಟೆಷ್ಟು ಹಿಗ್ಗಿಸುತ್ತಾ ಹೋಗಬೇಕು ಅನ್ನುವ ಲೆಕ್ಕ ನನ್ನ ಪುಸ್ತಕದಲ್ಲಿದೆ, ಕಾಲೇಜಿಗೆ ಬಂದು ಕೂತವರಿಗೆ ಬೇಕಾದರೆ ತೋರಿಸುತ್ತೇನೆ.

ಆ ಅಭಿಮನ್ಯುವನ್ನು ಜಂಪರ್ ಮಾಡಲು ಕಷ್ಟವಾಯಿತು. ದಿಗಿಣದಲ್ಲಿ ಇಳಿಯುವುದು ಮುಂಗಾಲಿನ ಮೇಲೆ. ಟ್ರಿಪಲ್ ಜಂಪ್‌ನಲ್ಲಿ ಹಾಗೆ ಇಳಿದರೆ ಮೀನಖಂಡ ಹರಿದೀತು, ಪೂರ್ತಿ ಪಾದ ಒಮ್ಮೆಗೇ ಕೂರಬೇಕು, ಕೂತದ್ದು ಹಿಂದಕ್ಕೆ ಕೆರೆಯಬೇಕು. ಒಂದು ವರ್ಷ ಬರೇ ಅದಕ್ಕೇ ಹೋಯಿತು. ಹಿಮ್ಮಡಿ ಜಜ್ಜಿಕೊಂಡು ಎರಡು ಸಲ ಬಿಟ್ಟು ಹೋಗಿ ವಾಪಸ್ ಬಂದ. ಅವನೇ ಮೂರನೇ ವರ್ಷ ಹದಿನೈದು ದಾಟಿದವನು. ಹಾಪ್ ಐದೂ ನಲವತ್ತು, ಸ್ಟೆಪ್ ನಾಲ್ಕೂವರೆ, ಜಂಪ್ ಐದೂ ಇಪ್ಪತ್ತು ಹತ್ತಿರ. ಹಾಪ್ ಆ 12.40ರ ಹುಡುಗನಿಗಿಂತ ಇಪ್ಪತ್ತೇ ಸೆಂಟಿಮೀಟರ್ ಜಾಸ್ತಿ, ಸ್ಟೆಪ್ ಒಂದೂವರೆ ಮೀಟರ್ ಜಾಸ್ತಿ. ಕಣ್ಣೂರಿನ ಆ ಹಿರಿಯರೇ ಬಂದು ಟೇಪ್ ನೋಡಿ, ಗೆಜ್ಜೆ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಹೋದರು.

ಬೋರ್ಡ್ ಸಿಗದ ಸಮಸ್ಯೆಗೆ ಬರುತ್ತೇನೆ. ಅಕ್ಟೋಬರ್‌ನಲ್ಲಿ ನೆಲ ಆರಿದ ಮೇಲೆ ವಾರಕ್ಕೆ ಎರಡೆರಡು ಹೆಜ್ಜೆ ಕೂಡಿಸುತ್ತೇವೆ. ಓಡುವುದೊಂದೇ, ಹಾರುವುದಿಲ್ಲ. ಆಮೇಲೆ ನಾಲ್ಕೈದು ಭಾನುವಾರ ಮಂಗಳೂರಿನ ಮಂಗಳಾ ಸ್ಟೇಡಿಯಂಗೆ ಹೋಗುತ್ತೇವೆ. ಮಣ್ಣಿಗಿಂತ ಸಿಂಥೆಟಿಕ್‌ನಲ್ಲಿ ಹೆಜ್ಜೆ ಉದ್ದ ಆಗುತ್ತದೆ, ನಮ್ಮ ಹುಡುಗರಿಗೆ ಓಟ ಶುರು ಮಾಡುವ ಮಾರ್ಕ್ ಒಂದೂವರೆ ಅಡಿಯಿಂದ ಎರಡು ಅಡಿ ಹಿಂದೆ ಹೋಗುತ್ತದೆ. ಫೌಲ್ ಆಗುತ್ತಿದ್ದದ್ದು ಅದಕ್ಕೇ, ಆರು ಹೆಜ್ಜೆಯ ತಪ್ಪಲ್ಲ. ಬಸ್ಸು, ಊಟ, ಮೈದಾನದ ಶುಲ್ಕ ಸೇರಿ ಒಂದು ಭಾನುವಾರಕ್ಕೆ ಎರಡು ಸಾವಿರ ಹಾರಿಹೋಗುತ್ತದೆ. ಮೊದಲು ನಾನೇ ಕೊಡುತ್ತಿದ್ದೆ, ಈಗ ಹಳೆ ವಿದ್ಯಾರ್ಥಿಗಳು ಕೊಡುತ್ತಾರೆ. ಅಡಿಯಲ್ಲಿ ಮೊಳೆ ಇರುವ ಶೂ, ಸ್ಪೈಕ್ಸ್, ಇನ್ನೂ ತಲೆನೋವೇ. ಟ್ರಿಪಲ್ ಜಂಪ್‌ನ ಒಳ್ಳೆಯ ಶೂ ಎಂಟು ಹತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಮೂರು ಜೊತೆ ಇದೆ, ಸೈಜ್ ಹೊಂದುವವರು ಹಂಚಿಕೊಂಡು ಹಾಕುತ್ತಾರೆ.

ನಡುವೆ ಪೋಲ್ ವಾಲ್ಟ್‌ಗೂ ಕೈ ಹಾಕಿದ್ದೆ. ಅಡಿಕೆ ಕೊಯ್ಯುವವರು ಒಂದು ಮರದ ತುದಿಯನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟುವುದನ್ನು ನೀವೂ ನೋಡಿರುತ್ತೀರಿ. ಆ ಹಿಡಿತ, ಆ ಧೈರ್ಯ ಇರುವ ಹುಡುಗ ಒಬ್ಬ ಇದ್ದ. ನಿಯಮದಲ್ಲಿ ಪೋಲ್ ಇಂಥದ್ದರಿಂದಲೇ ಆಗಬೇಕು ಅಂತ ಇಲ್ಲ, ಹಾಗಾಗಿ ಬಿದಿರಿನಿಂದ ಶುರು ಮಾಡಿದೆವು. ಎರಡು ಮುಕ್ಕಾಲು ಮೀಟರ್ ತನಕ ಸಲೀಸಾಗಿ ಹೋದ. ಅದಕ್ಕಿಂತ ಮೇಲೆ ಹೋಗಬೇಕಾದರೆ ಬೀಳಲು ಸರಿಯಾದ ಫೋಮ್ ಬೆಡ್ ಬೇಕು, ಅದಕ್ಕೆ ಲಕ್ಷಗಟ್ಟಲೆ. ಸಿಪ್ಪೆ ಚೀಲದ ಮೇಲೆ ಮೂರು ಮೀಟರ್‌ನಿಂದ ಬೀಳಿಸಲು ನನಗೆ ಮನಸ್ಸು ಬರಲಿಲ್ಲ. ಬೆಡ್ ಇರುವ ಕಾಲೇಜಿನವರು ಯಾರಾದರೂ ತೋಟದ ಹುಡುಗರನ್ನು ಹುಡುಕಿ ನೋಡಿ, ಖಂಡಿತ ಆಗುತ್ತದೆ.

ಹುಡುಗಿಯರಲ್ಲಿ ಪೆರ್ಲ ಕಡೆಯವಳೊಬ್ಬಳು ಹತ್ತೂ ಕಾಲು ಮೀಟರ್‌ನಿಂದ ಹನ್ನೆರಡು ದಾಟಿದಳು. ಸಂಜೆಯ ಕೊನೆಯ ಬಸ್ಸಿನ ಗಡಿಬಿಡಿಯಿಂದ ಪ್ರಾಕ್ಟೀಸನ್ನು ಬೆಳಿಗ್ಗೆಗೆ ಹಾಕಿದ್ದೇ ಅವಳಿಗಾಗಿ. ಈಗ ಅವಳೇ ಶಾಲೆಯಲ್ಲಿ ಪಿ.ಟಿ. ಟೀಚರ್, ಅಲ್ಲಿಂದ ನನಗೆ ಮಕ್ಕಳನ್ನು ಕಳಿಸುತ್ತಾಳೆ. ನನ್ನ ಎಲ್ಲ ಪದಕಗಳಿಗಿಂತ ಆ ಸಂತೋಷ ದೊಡ್ಡದು.

ಒಳ್ಳೆಯವರು ಕೈ ತಪ್ಪುವುದೂ ಇದೆ. ಪ್ಲಸ್ ಟು ಮುಗಿಯುವ ಹೊತ್ತಿಗೆ ಗಡಿಯಾಚೆಯ ಕಾಲೇಜುಗಳು ಊಟ, ಹಾಸ್ಟೆಲ್, ಫೀಸು ಎಲ್ಲಾ ಉಚಿತ ಅಂತ ಕರೆಯುತ್ತವೆ. ಕನ್ನಡ ಮೀಡಿಯಂ ಮಕ್ಕಳಿಗೆ ಅಲ್ಲಿ ಭಾಷೆಯೂ ಸಲೀಸು. ಬಡವರ ಮಕ್ಕಳು ಹೋಗುತ್ತಾರೆ, ಹೋಗಲಿ. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಗೇಮ್ಸ್ ಆದ ಮೇಲೆ ಸ್ವಲ್ಪ ಬದಲಾಗಿದೆ. ಎಲ್ಡೋಸ್ ಪೌಲ್ 17.03, ಅಬ್ದುಲ್ಲ ಅಬೂಬಕ್ಕರ್ 17.02, ಚಿನ್ನ ಬೆಳ್ಳಿ ಎರಡೂ ಕೇರಳದ ಹುಡುಗರಿಗೆ. ಆಮೇಲೆ ತಂದೆ ತಾಯಂದಿರೇ ಬಂದು "ಆ ಮೂರು ಹಾರುವುದು ಕಲಿಸ್ತೀರಾ ಮಾಷ್ಟ್ರೇ" ಅಂತ ಕೇಳುತ್ತಿದ್ದಾರೆ. ಬಂದವರನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಅದೇನು ಅಂತ ಈಗ ಬರೆಯುವುದಿಲ್ಲ.

ಈ ಜೂನ್‌ನಲ್ಲೇ ಶುರು ಮಾಡುವವರಿದ್ದರೆ ಒಂದೆರಡು ಮಾತು. ಮ್ಯಾಟ್ ಹಳೆಯದೇ ಕೊಳ್ಳಿ, ಹೊಸ ರಬ್ಬರ್‌ನ ವಾಸನೆಗೆ ಮುಚ್ಚಿದ ಮಾಡಿನೊಳಗೆ ತಲೆ ನೋಯುತ್ತದೆ. ತೋಡಿನಲ್ಲಿ ಒಂದು ರಾತ್ರಿ ನೆನೆಸಿ, ಸೋಪು ಹಾಕಿ ಉಜ್ಜಿ, ಗಂಜಳದ ಜಿಡ್ಡು ಉಳಿದರೆ ಜಾರುತ್ತದೆ. ಹಾಸುವಾಗ ಉಬ್ಬು ಚುಕ್ಕೆಗಳಿರುವ ಬದಿ ಮೇಲೆ ಬರಲಿ. ಹುಡುಗರಿಗೆ ಅಲ್ಲಿ ಸ್ಪೈಕ್ಸ್ ಹಾಕಲು ಬಿಡಬೇಡಿ, ತೆಳ್ಳಗಿನ ಕ್ಯಾನ್ವಾಸ್ ಶೂ ಸಾಕು.