ಫಿಫಾ 23ರ ಓಟದ ವೇಗವನ್ನು ನಾನು ಹದಕ್ಕೆ ತಂದ ಬಗೆ

ಫಿಫಾ 23 ಎಂಬ ಫುಟ್‌ಬಾಲ್ ವಿಡಿಯೋ ಗೇಮ್‌ನಲ್ಲಿ ಒಂದು ತಂಡವನ್ನು ಸೀಸನ್‌ಗಟ್ಟಲೆ ನಡೆಸುವ ಕರಿಯರ್ ಮೋಡ್‌ನಲ್ಲಿ ಆಟಗಾರರ ಓಟವನ್ನು ನಿಜವಾದ ಪಂದ್ಯದ ಲಯಕ್ಕೆ ತರಲಾಗದು, ಸ್ಲೈಡರ್ (ಆಟದ ಗುಣಗಳನ್ನು ಅಂಕಗಳಲ್ಲಿ ಏರಿಳಿಸುವ ಸೆಟ್ಟಿಂಗ್) ಇಳಿಸಿದಷ್ಟೂ ಆಟ ಸಪ್ಪೆಯಾಗುತ್ತದೆ ಎಂದು ನನ್ನೊಡನೆ ಆಡುವವರೆಲ್ಲ ವಾದಿಸುತ್ತಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಸೆಟ್ಟಿಂಗ್ ಹಾಕಿಕೊಂಡು ಬೆಂಗಳೂರು ಎಫ್‌ಸಿ ತಂಡವನ್ನು ನಡೆಸುತ್ತಿದ್ದಾರೆ.

ಎಲ್ಲರಂತೆ ನಾನೂ ಮೊದಲು ಸ್ಪ್ರಿಂಟ್ ಸ್ಪೀಡನ್ನು, ಅಂದರೆ ಗರಿಷ್ಠ ಓಟದ ವೇಗವನ್ನು, 50ರಿಂದ 40ರ ಆಸುಪಾಸಿಗೆ ಇಳಿಸಿದೆ. ಆಟಗಾರರು ಕೆಸರುಗದ್ದೆಯಲ್ಲಿ ಓಡಿದಂತೆ ಕಂಡರು; ಚೆಂಡು ಮಾತ್ರ ಹಳೆಯ ವೇಗದಲ್ಲೇ ಹೋಗುತ್ತಿದ್ದುದರಿಂದ ಯಾವ ಡಿಫೆಂಡರನೂ ಸಮಯಕ್ಕೆ ಸರಿಯಾಗಿ ಅಡ್ಡ ಬರಲಾಗದೆ ಪಂದ್ಯಗಳು 5-4, 6-3ರಂತೆ ಮುಗಿಯತೊಡಗಿದವು. ಗೇಮ್ ಸ್ಪೀಡನ್ನು ಸ್ಲೋ ಮಾಡಿದಾಗ ಚೆಂಡೂ ಆಟಗಾರರೂ ಒಟ್ಟಿಗೇ ನಿಧಾನವಾಗಿ, ವೇಗದವನಿಗೂ ಮಂದಗತಿಯವನಿಗೂ ನಡುವಿನ ಅಂತರ ಮಾತ್ರ ಬದಲಾಗಲಿಲ್ಲ. ಒಬ್ಬರಿಂದ ಮುನ್ನೂರು ನಾನೂರು ರೂಪಾಯಿ ಕೊಟ್ಟು ಸಿದ್ಧ ಸ್ಲೈಡರ್ ಪಟ್ಟಿಯನ್ನೂ ಕೊಂಡೆ. ಅದು ಬೇರೆಯೇ ಡಿಫಿಕಲ್ಟಿಗೆ ಹೊಂದಿಸಿದ್ದ ಪಟ್ಟಿಯಾದ್ದರಿಂದ ಆ ಹಣ ವ್ಯರ್ಥವಾಯಿತು.

ಆಮೇಲೆ ಕಣ್ಣಳತೆಯನ್ನು ಬಿಟ್ಟು ಅಳೆಯಲು ಕುಳಿತೆ. ಎದುರು ತಂಡವನ್ನೂ ನಾನೇ ಹಿಡಿದು ದೂರ ನಿಲ್ಲಿಸಲೆಂದು ಸುಮಾರು ಆರು ಸಾವಿರ ರೂಪಾಯಿಗೆ ಎರಡನೆಯ ಕಂಟ್ರೋಲರ್ ಕೊಂಡೆ. ಪೆನಾಲ್ಟಿ ಪ್ರದೇಶದ ಆಳ 16.5 ಮೀಟರ್. ಓಟಗಾರ ಪೂರ್ಣ ವೇಗ ಹಿಡಿದ ಮೇಲೆ ಆ ಗೆರೆಯಿಂದ ಗೋಲ್ ಗೆರೆಯವರೆಗಿನ ಓಟವನ್ನು ಸೆಕೆಂಡಿಗೆ 60 ಫ್ರೇಮ್‌ನಂತೆ ರೆಕಾರ್ಡ್ ಮಾಡಿ, ಫ್ರೇಮ್‌ಗಳನ್ನು ಒಂದೊಂದಾಗಿ ಎಣಿಸಿದೆ. 2024ರ ಜನವರಿಯಲ್ಲಿ ಟಾಟನ್‌ಹ್ಯಾಮ್‌ನ ಮಿಕಿ ವಾನ್ ಡಿ ವೆನ್ ಪ್ರೀಮಿಯರ್ ಲೀಗ್‌ನಲ್ಲಿ ಗಂಟೆಗೆ 37.38 ಕಿ.ಮೀ. ಮುಟ್ಟಿದ ಲೆಕ್ಕದಲ್ಲಿ ಈ ದೂರಕ್ಕೆ ಸುಮಾರು 95 ಫ್ರೇಮ್ ಬೇಕು. ನನ್ನ ಆಟದಲ್ಲಿ 97 ಪೇಸ್‌ನ (ಆಟ ಕೊಡುವ ವೇಗದ ಅಂಕ) ಫ್ರಾನ್ಸಿನ ಎಂಬಾಪೆ, ಸ್ಲೈಡರ್ 50ರಲ್ಲೇ ಇದ್ದಾಗ, 90ಕ್ಕೆ ತುಸು ಮೇಲೆ ಬಂದ. ಅಂದರೆ ಗರಿಷ್ಠ ವೇಗ ತೀರಾ ಕೆಟ್ಟಿರಲಿಲ್ಲ. ನಿಂತ ಜಾಗದಿಂದ ಆ ವೇಗವನ್ನು ಮುಟ್ಟುವ ಮೊದಲ ಐದಾರು ಹೆಜ್ಜೆಗಳಲ್ಲೇ ಸುಳ್ಳು ಅಡಗಿತ್ತು.

ಆದ್ದರಿಂದ ಸ್ಪ್ರಿಂಟನ್ನು ಎರಡು ಮೂರು ಅಂಕವಷ್ಟೇ ಇಳಿಸಿ, ಆಕ್ಸಿಲರೇಷನ್ನನ್ನು (ನಿಂತಲ್ಲಿಂದ ವೇಗ ಹಿಡಿಯುವ ಗುಣ) ಒಂದೊಂದೇ ಅಂಕದಂತೆ 42ರವರೆಗೆ ತಂದೆ. 45ರ ಕೆಳಗೆ ಹೋದಾಗಲೇ ದೇಹ ತಿರುಗಿಸಿ ಹೊರಡುವ ಸೆಂಟರ್ ಬ್ಯಾಕ್‌ಗೂ (ನಡು ಭಾಗದ ಡಿಫೆಂಡರ್) ಆಗಲೇ ಓಟದಲ್ಲಿರುವ ವಿಂಗರ್‌ಗೂ (ಅಂಚಿನ ದಾಳಿಕಾರ) ನಡುವೆ ಒಂದೂವರೆ ಗಜದ ಅಂತರ ಕಾಣಿಸತೊಡಗಿತು. ಲೆಂಗ್ತಿ ವರ್ಗದ (ನಿಧಾನವಾಗಿ ಹೊರಟು ದೂರದ ಓಟದಲ್ಲಿ ವೇಗ ಹಿಡಿಯುವವರೆಂದು ಆಟ ಗುರುತಿಸಿದ) ಎತ್ತರದ ಡಿಫೆಂಡರ್‌ಗಳು ದೂರದ ಓಟದಲ್ಲಿ ಎಲ್ಲರನ್ನೂ ಹಿಡಿದುಬಿಡುವ ಆ ಕುಖ್ಯಾತ ತೊಂದರೆಯೂ ನನ್ನ ಪಂದ್ಯಗಳಲ್ಲಿ ಬಹುಪಾಲು ತಗ್ಗಿತು. ಬಳಕೆದಾರ ಮತ್ತು ಸಿಪಿಯು (ಕಂಪ್ಯೂಟರ್ ಆಡಿಸುವ ತಂಡ) ಎರಡಕ್ಕೂ ಒಂದೇ ಅಂಕ ಇರಬೇಕು. ಒಂದು ಅಂಕದ ವ್ಯತ್ಯಾಸವಾದರೂ ಥ್ರೂ ಪಾಸ್‌ಗಳೆಲ್ಲ (ಡಿಫೆಂಡರ್‌ಗಳ ನಡುವಿನಿಂದ ಮುಂದಕ್ಕೆ ನುಗ್ಗಿಸುವ ಪಾಸ್‌ಗಳು) ಒಂದೇ ಕಡೆಗೆ ಗೋಲಾಗುತ್ತವೆ.

ಇದರ ಜೊತೆಗೆ ಪಾಸ್ ಸ್ಪೀಡನ್ನೂ ಇಳಿಸಲೇಬೇಕು. ನನ್ನದು 44ರ ಹತ್ತಿರ ನಿಂತಿದೆ. ಇದನ್ನು ಬಿಟ್ಟರೆ ಮೇಲಿನ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಆಟಗಾರ ವೇಗವಾಗಿ ಕಾಣುವುದೋ ನಿಧಾನವಾಗಿ ಕಾಣುವುದೋ ಚೆಂಡಿನ ವೇಗದ ಮೇಲೆಯೇ ನಿಂತಿದೆ. ಅರ್ಧಕ್ಕೆ ಹತ್ತು ನಿಮಿಷ, ಡಿಫಿಕಲ್ಟಿ ವರ್ಲ್ಡ್ ಕ್ಲಾಸ್.

ನಡುವೆ ಇನ್ನೊಂದು ಫುಟ್‌ಬಾಲ್ ಗೇಮ್ ಪೆಸ್ 2021ರಲ್ಲೂ ಒಂದು ಪ್ರಯೋಗ ಮಾಡಿದೆ. ಅಲ್ಲಿ ಎಡಿಟ್ ಮೋಡ್‌ನಲ್ಲಿ ಪ್ರತಿ ಆಟಗಾರನ ಸ್ಪೀಡ್, ಆಕ್ಸಿಲರೇಷನ್ ತಿದ್ದಬಹುದು. ಎರಡು ತಂಡಗಳ ಡಿಫೆಂಡರ್‌ಗಳನ್ನು ತಿದ್ದಿದೆ. ಫಲಿತಾಂಶ ಚೆನ್ನಾಗಿತ್ತು, ಆದರೆ ಇಡೀ ಲೀಗಿಗೆ ಹಾಗೆ ಕೂರುವುದು ಆಗದ ಕೆಲಸ. ಒಟ್ಟು ಗೇಮ್ ಸ್ಪೀಡನ್ನು –1ಕ್ಕೆ ಇಟ್ಟರೆ ಅಲ್ಲಿ ಸಾಕು.

ಲೈನ್ ಹೈಟ್ (ಡಿಫೆನ್ಸ್ ಸಾಲು ಎಷ್ಟು ಮುಂದೆ ನಿಲ್ಲಬೇಕು) ಮತ್ತು ಮಾರ್ಕಿಂಗ್‌ನ (ಎದುರಾಳಿಗೆ ಎಷ್ಟು ಹತ್ತಿರ ನಿಲ್ಲಬೇಕು) ನನ್ನ ಅಂಕಗಳನ್ನು ಇಲ್ಲಿ ಕೊಡುವುದಿಲ್ಲ. ಅವನ್ನು ಹುಡುಕಲು ಒಂದು ಇಡೀ ಸೀಸನ್ ಕಳೆದಿದ್ದೇನೆ. ಆಕ್ಸಿಲರೇಷನ್ ಇಳಿಸಿದ ಮೇಲೆ ಡಿಫೆನ್ಸ್ ಸಾಲು 50ರಲ್ಲಿ ನಿಲ್ಲಲಾರದು ಎಂಬ ಸುಳಿವು ಬಲ್ಲವರಿಗೆ ಸಾಕು. ಅಂಕಗಳನ್ನು ಬದಲಿಸಿದಾಗಲೆಲ್ಲ ಹದಿನಾರೂವರೆ ಮೀಟರಿನ ಎಣಿಕೆಯನ್ನು ಒಮ್ಮೆ ಮಾಡಿ, ವೇಗದ ವಿಂಗರ್ 95 ಫ್ರೇಮ್‌ಗಿಂತ ಕೆಳಗೆ ಬಂದರೆ ಸ್ಪ್ರಿಂಟನ್ನು ಇನ್ನೊಂದು ಅಂಕ ಇಳಿಸಿ.