ಚಾಕುವಿಗಿಂತ ಮೊದಲು ಕಲ್ಲು: ಜಪಾನಿ ಚಾಕು ಆರಿಸಿದ ನನ್ನ ಅನುಭವ

ಮನೆಗೆ ಒಂದು ಜಪಾನಿ ಚಾಕು ತರಬೇಕು ಅಂತ ತೀರ್ಮಾನಿಸಿದ ಮೇಲೆ ನಾನು ಮೊದಲು ಕೊಂಡದ್ದು ಚಾಕು ಅಲ್ಲ, ಕಲ್ಲು. ಸಾವಿರ ನಂಬರಿನ ನೀರಿನ ಸಾಣೆಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು. ನಂಬರು ಹೆಚ್ಚಿದಷ್ಟೂ ಕಲ್ಲು ನುಣುಪು. ಯಾರಾದರೂ ಕೇಳಿದರೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಎಷ್ಟೇ ದುಬಾರಿ ಚಾಕು ಆದರೂ ಒಂದು ದಿನ ಮೊಂಡಾಗುತ್ತದೆ. ಆಗ ಏನು ಮಾಡುತ್ತೀರಿ ಅನ್ನುವುದು ಗೊತ್ತಿದ್ದರೆ ಯಾವ ಚಾಕು ಕೊಳ್ಳಬೇಕು ಅನ್ನುವುದು ಅರ್ಧ ಇತ್ಯರ್ಥ ಆದಂತೆ.

ಬಳ್ಳಾರಿಯ ಓಣಿಗಳಿಗೆ ಸಾಣೆ ಹಿಡಿಯುವವರು ಸೈಕಲ್ ಮೇಲೆ ಬರುತ್ತಾರೆ. ಪೆಡಲ್ ತುಳಿದು ಚಕ್ರ ತಿರುಗಿಸಿ ಕಿಡಿ ಹಾರಿಸುತ್ತಾರೆ. ಈಳಿಗೆಗೆ, ಕುಡುಗೋಲಿಗೆ, ಕತ್ತರಿಗೆ ಆ ಕೆಲಸ ಚೆನ್ನಾಗಿಯೇ ಇರುತ್ತದೆ. ತೆಳುವಾದ ಗಟ್ಟಿ ಅಂಚಿಗೆ ಮಾತ್ರ ಬೇಡ. ಇಂಥ ಚಾಕುಗಳ ಉಕ್ಕನ್ನು ಕಾಯಿಸಿ ಕೊನೆಯ ಹದ ಕೊಡುವುದೇ ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಣ ಚಕ್ರಕ್ಕೆ ಒತ್ತಿದಾಗ ತೆಳು ಅಂಚು ಅದಕ್ಕಿಂತ ಜಾಸ್ತಿ ಕಾಯ್ದುಬಿಡಬಹುದು. ಆಗ ಹದ ಹೋಗುತ್ತದೆ. ಅಂಚು ಮೆತ್ತಗಾಗುತ್ತದೆ. ನೀವು ಕೊಟ್ಟ ರೊಕ್ಕ ಆ ಗಟ್ಟಿತನಕ್ಕೇ ಅಲ್ವಾ? ನೀರಿನ ಕಲ್ಲಿನ ಮೇಲೆ ಕೈಯಿಂದ ಉಜ್ಜಿದರೆ ಕಾಯುವ ಪ್ರಶ್ನೆಯೇ ಇಲ್ಲ.

ನನ್ನ ಉದ್ಯೋಗವೂ ಈ ಯೋಚನೆಗೆ ಕಾರಣ ಇರಬೇಕು. ತೋರಣಗಲ್ಲು ಕಡೆಯ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ನಾನು ತಪಾಸಣೆ ನೋಡಿಕೊಳ್ಳುತ್ತೇನೆ. ಉಕ್ಕಿನ ಗಟ್ಟಿತನ ಅಳೆಯುವುದು ದಿನದ ಕೆಲಸ. ರಾಕ್‌ವೆಲ್ ಸಿ ಅನ್ನುವ ಅಳತೆ. ವಜ್ರದ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಲೋಹಕ್ಕೆ ಒತ್ತಿ, ಎಷ್ಟು ಆಳ ಇಳಿಯಿತು ಅಂತ ನೋಡುತ್ತೇವೆ. ಆಳ ಕಡಿಮೆ ಇದ್ದಷ್ಟೂ ಅಂಕಿ ದೊಡ್ಡದು. ಮನೆಯ ಹಳೆಯ ಸ್ಟೀಲ್ ಚಾಕುವನ್ನು ಒಯ್ದು ಹಿಡಿಯ ಹತ್ತಿರ ಒತ್ತಿ ನೋಡಿದೆ. 52ರ ಆಸುಪಾಸು ಬಂತು. ಜರ್ಮನ್ ಮಾದರಿಯ ಚಾಕುಗಳು ಸಾಮಾನ್ಯವಾಗಿ 54ರಿಂದ 58. ಜಪಾನಿನವು 58ರಿಂದ ಶುರುವಾಗಿ 62, 63, ಕೆಲವು 65ರವರೆಗೂ ಹೋಗುತ್ತವೆ.

ಅಂಕಿ ದೊಡ್ಡದಿದ್ದರೆ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಅದು ಅರ್ಧ ಸತ್ಯ. ಗಟ್ಟಿ ಉಕ್ಕು ತೆಳು ಅಂಚನ್ನು ತಡೆದುಕೊಳ್ಳುತ್ತದೆ. ಅದಕ್ಕೇ ಜಪಾನಿ ಚಾಕುವಿನ ಅಂಚನ್ನು ಒಂದೊಂದು ಬದಿಗೆ 15 ಡಿಗ್ರಿಯ ಹತ್ತಿರ ಮಸೆಯುತ್ತಾರೆ. ಮೆತ್ತನೆಯ ಚಾಕುಗಳಿಗೆ ಅದು 20 ಡಿಗ್ರಿ. ಗಟ್ಟಿ ಉಕ್ಕಿನ ಹರಿತವೂ ಹೆಚ್ಚು ದಿನ ಉಳಿಯುತ್ತದೆ. ಆದರೆ ಮೆತ್ತನೆಯ ಅಂಚು ಪೆಟ್ಟು ಬಿದ್ದರೆ ಮಡಿಚಿಕೊಳ್ಳುತ್ತದೆ, ಗಟ್ಟಿ ಅಂಚು ಹಪ್ಪಳದಂತೆ ಚಟ್ಟನೆ ಮುರಿಯುತ್ತದೆ. ಮಡಿಚಿದ್ದನ್ನು ಎರಡು ನಿಮಿಷದಲ್ಲಿ ಸರಿ ಮಾಡಬಹುದು. ಚಕ್ಕೆ ಹಾರಿದ ಅಂಚನ್ನು ಸರಿ ಮಾಡಲು ಅಷ್ಟೂ ಉಕ್ಕು ಸವೆಸಬೇಕು.

ಹಾಗಾಗಿ ನನ್ನ ಲೆಕ್ಕ ಸರಳ. ಕಲ್ಲು ಮನೆಯಲ್ಲಿದೆ, ಮಸೆಯಲು ಬರುತ್ತದೆ. ಹೀಗಿರುವಾಗ ತಿಂಗಳುಗಟ್ಟಲೆ ಮೊಂಡಾಗದ ಚಾಕು ನನಗೆ ಯಾಕೆ? 58, 59 ಸಾಕು. ಬೇಗ ಮಸೆಯಬೇಕಾಗುತ್ತದೆ, ಮಸೆಯುತ್ತೇನೆ. ನಮ್ಮ ಮನೆಯಲ್ಲಿ ಚಾಕು ಹಿಡಿಯುವವರು ಮೂವರು. ಎಲ್ಲರೂ ನನ್ನಷ್ಟು ಜೋಪಾನ ಮಾಡಬೇಕು ಅಂತ ಬಯಸಿದರೆ ದಿನಾ ಜಗಳ.

ಇನ್ನು ಆಕಾರ. ಇದನ್ನು ಫೋಟೋ ನೋಡಿ ಆರಿಸಬೇಡಿ. ಒಂದು ವಾರ ನಿಮ್ಮ ಅಡುಗೆಮನೆಯಲ್ಲಿ ಏನೇನು ಹೆಚ್ಚುತ್ತಾರೆ, ಹೇಗೆ ಹೆಚ್ಚುತ್ತಾರೆ ಅಂತ ಸುಮ್ನೆ ಗಮನಿಸಿ. ನಮ್ಮಲ್ಲಿ ದಿನಾ ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ. ವಾರಕ್ಕೊಮ್ಮೆಯಾದರೂ ಎಣ್ಣೆಗಾಯಿ, ಪುಂಡಿ ಪಲ್ಯ. ಸಂಜೆ ಯಾರಾದರೂ ಬಂದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅಂದರೆ ಸಣ್ಣಗೆ ಹೆಚ್ಚುವುದು ಜಾಸ್ತಿ, ಸೀಳುವುದೂ ಇದೆ. ಬದನೆಕಾಯಿಯನ್ನು ತೊಟ್ಟು ಬಿಟ್ಟು ನಾಲ್ಕು ಸೀಳು ಮಾಡಬೇಕು. ಮಿರ್ಚಿಗೆ ಮೆಣಸಿನಕಾಯಿಯ ಹೊಟ್ಟೆ ಮಾತ್ರ ಸೀಳಬೇಕು. ಇದಕ್ಕೆ ಚಾಕುವಿಗೆ ಮೊನೆ ಬೇಕೇ ಬೇಕು.

ಅವ್ವ ಸಿರುಗುಪ್ಪದ ಕಡೆಯವಳು. ನೆಲದ ಮೇಲೆ ಕೂತು ಈಳಿಗೆಯಲ್ಲಿ ಹೆಚ್ಚುತ್ತಾಳೆ. ಅಲ್ಲಿ ಅಲಗು ನಿಂತಿರುತ್ತದೆ, ಕಾಯಿ ಓಡಾಡುತ್ತದೆ. ನಿಂತು ಅಡುಗೆ ಮಾಡುವವರಲ್ಲಿ ಎಷ್ಟೋ ಜನ ಹೆಚ್ಚುವ ಮಣೆಯನ್ನೇ ಬಳಸುವುದಿಲ್ಲ. ಉಳ್ಳಾಗಡ್ಡಿ ಎಡಗೈಯಲ್ಲಿ, ಸಣ್ಣ ಚಾಕು ಬಲಗೈಯಲ್ಲಿ, ಹೆಬ್ಬೆರಳಿನ ಕಡೆಗೆ ಎಳೆದು ಪಾತ್ರೆಯೊಳಗೇ ಹೆಚ್ಚಿಹಾಕುತ್ತಾರೆ. ನಿಮ್ಮ ಮನೆಯ ರೂಢಿ ಇದೇ ಆಗಿದ್ದರೆ ದೊಡ್ಡ ಜಪಾನಿ ಚಾಕು ತರಲೇಬೇಡಿ. ಅದು ಮಣೆಯ ಮೇಲೆ ಮುಂದಕ್ಕೆ ತಳ್ಳುತ್ತಾ ಹೆಚ್ಚಲು ಮಾಡಿದ್ದು. ಹೆಬ್ಬೆರಳಿನ ಕಡೆ ಎಳೆದರೆ ಬೆರಳೇ ಹೋಗುತ್ತದೆ. ಅಂಥವರಿಗೆ 120 ಮಿ.ಮೀ. ಉದ್ದದ ಪೆಟ್ಟಿ ಅನ್ನುವ ಸಣ್ಣ ಚಾಕು ಸರಿ. ಹೊಸದರಲ್ಲಿ ಅದನ್ನೂ ಹುಷಾರಾಗಿಯೇ ಹಿಡಿಯಬೇಕು.

ಮಣೆ ಬಳಸುವವರಿಗೆ ಮುಖ್ಯವಾಗಿ ಮೂರು ಆಯ್ಕೆ. ಗ್ಯೂಟೊ, ನಕಿರಿ, ಸಾಂಟೊಕು. ಗ್ಯೂಟೊ ಅಂದರೆ ಪಾಶ್ಚಾತ್ಯ ಷೆಫ್ ಚಾಕುವಿನ ಜಪಾನಿ ರೂಪ. ಮೇಜಿ ಕಾಲದಲ್ಲಿ (1868-1912) ಅಲ್ಲಿ ದನದ ಮಾಂಸ ತಿನ್ನುವುದು ಹೆಚ್ಚಾದ ಮೇಲೆ ಬಂದದ್ದು. ಸಾಮಾನ್ಯ ಉದ್ದ 210 ಮಿ.ಮೀ. ಒಳ್ಳೆಯ ಚಾಕು, ಆದರೆ ನಮ್ಮ ಕಟ್ಟೆಯಲ್ಲಿ ಒಲೆಗೂ ಸಿಂಕಿಗೂ ನಡುವೆ ಇರುವ ಜಾಗದಲ್ಲಿ ಅಷ್ಟುದ್ದದ್ದನ್ನು ಆಡಿಸಲು ಆಗುವುದಿಲ್ಲ. ನಕಿರಿ ತರಕಾರಿಗೆಂದೇ ಇರುವ ಆಯತಾಕಾರದ ಚಾಕು, 165 ಮಿ.ಮೀ. ಅಂಚು ಹೆಚ್ಚುಕಡಿಮೆ ನೇರ ಇರುವುದರಿಂದ ಸೊಪ್ಪು ಹೆಚ್ಚಿದಾಗ ಎಳೆ ಎಳೆಯಾಗಿ ಅಂಟಿಕೊಂಡು ಉಳಿಯುವುದಿಲ್ಲ. ಮನಸ್ಸು ಅದರ ಕಡೆ ತುಂಬಾ ವಾಲಿತ್ತು. ಸೊಪ್ಪು ಜಾಸ್ತಿ ತಿನ್ನುವ ಮನೆಗೆ ಅದಕ್ಕಿಂತ ಚೆನ್ನಾದ್ದು ಇಲ್ಲ ಅಂತ ಈಗಲೂ ನಂಬುತ್ತೇನೆ. ಆದರೆ ಅದಕ್ಕೆ ಮೊನೆ ಇಲ್ಲ. ಮಿರ್ಚಿ ಸೀಳಲು ಇನ್ನೊಂದು ಚಾಕು ಹುಡುಕಬೇಕು. ಹಾಗಾಗಿ ಸಾಂಟೊಕು ತೆಗೆದುಕೊಂಡೆ. 1940ರ ದಶಕದ ಹೊತ್ತಿಗೆ ಜಪಾನಿನ ಮನೆ ಅಡುಗೆಗೆ ಅಂತಲೇ ರೂಪುಗೊಂಡ ಆಕಾರ ಅದು. ನಕಿರಿಯ ಅಗಲ ಇದೆ, ಮುಂದೆ ಮೊನೆಯೂ ಇದೆ. 165 ಅಥವಾ 170 ಮಿ.ಮೀ. ಉದ್ದ. ತೂಕ ಇನ್ನೂರು ಗ್ರಾಂ ಒಳಗೇ.

ದೇಬಾ, ಯಾನಾಗಿಬಾ, ಉಸುಬಾ ಅಂತಲೂ ಕಾಣುತ್ತವೆ. ಮೊದಲೆರಡು ಮೀನಿಗೆ, ಮೂರನೆಯದು ವೃತ್ತಿಯ ಬಾಣಸಿಗರಿಗೆ. ಒಂದೇ ಬದಿ ಮಸೆದ ಅಂಚು ಅವಕ್ಕೆ. ಮನೆಗೆ ಬೇಡ. ಅದರಲ್ಲೂ ನನ್ನ ಹೆಂಡತಿ ಎಡಗೈಯವಳು. ಬಲಗೈಗೆ ಮಸೆದ ಅಂಥ ಚಾಕು ಅವಳ ಕೈಯಲ್ಲಿ ಸೊಟ್ಟ ಹೋಗುತ್ತದೆ. ಎರಡೂ ಬದಿ ಸಮವಾಗಿ ಮಸೆದದ್ದನ್ನೇ ಕೇಳಿ ತೆಗೆದುಕೊಂಡೆ. ಹಿಡಿಯಲ್ಲೂ ಇದೇ ತಕರಾರು ಇದೆ. ಜಪಾನಿ ಮರದ ಹಿಡಿಗಳಲ್ಲಿ ಒಂದು ಬದಿ ಉಬ್ಬಿರುವ ಮಾದರಿ ಬಲಗೈಗೆ ಮಾಡಿದ್ದು. ಎಂಟು ಮೂಲೆಯದ್ದಾದರೆ ಯಾರಿಗಾದರೂ ಆಗುತ್ತದೆ. ನಾನು ರಿವೆಟ್ ಹೊಡೆದ ಪಾಶ್ಚಾತ್ಯ ಹಿಡಿ ಆರಿಸಿದೆ. ನಮ್ಮ ಮನೆಯಲ್ಲಿ ಚಾಕು ಆಗಾಗ ಸಿಂಕಿನ ಪಕ್ಕ ಒದ್ದೆಯಾಗಿ ಬಿದ್ದಿರುತ್ತದೆ. ಪಾಲಿಶ್ ಇಲ್ಲದ ಮರದ ಹಿಡಿ ನೀರು ಕುಡಿದು ಉಬ್ಬುವುದು ಬೇಡ ಅನ್ನಿಸಿತು.

ಉಕ್ಕಿನ ವಿಷಯಕ್ಕೆ ಬಂದರೆ ಜಪಾನಿನವರು ಎರಡು ದಾರಿ ಇಟ್ಟಿದ್ದಾರೆ. ಒಂದು ಕಾರ್ಬನ್ ಉಕ್ಕು. ಶಿರೊಗಾಮಿ, ಅಯೊಗಾಮಿ ಅಂತ ಹೆಸರು. ಎರಡನೆಯದರಲ್ಲಿ ಟಂಗ್‌ಸ್ಟನ್, ಕ್ರೋಮಿಯಂ ಸ್ವಲ್ಪ ಸೇರಿಸಿರುತ್ತಾರೆ. ಕಲ್ಲಿನ ಮೇಲೆ ಬೆಣ್ಣೆಯ ಹಾಗೆ ಮಸೆಯಬಹುದು ಅಂತ ಇದರ ಅಭಿಮಾನಿಗಳು ಹೇಳುತ್ತಾರೆ. ಹರಿತಕ್ಕೆ ಇದನ್ನು ಮೀರಿಸುವುದು ಕಷ್ಟ, ನಿಜ. ಆದರೆ ತುಕ್ಕು ಹಿಡಿಯುತ್ತದೆ. ನಮ್ಮ ಅಡುಗೆ ನೋಡಿ: ಪುಂಡಿ ಸೊಪ್ಪು ಹುಳಿ, ಟೊಮೆಟೊ ಹುಳಿ, ನಿಂಬೆಹಣ್ಣು, ಮಾವಿನಕಾಯಿ. ಹುಳಿ ತಾಗಿದ ಕೂಡಲೇ ಅಲಗು ಕಪ್ಪಾಗುತ್ತದೆ, ಹೆಚ್ಚಿದ ಕಾಯಿಗೂ ಕಬ್ಬಿಣದ ವಾಸನೆ ಬರುತ್ತದೆ. ಪ್ರತಿ ಸಲ ಒರೆಸಿ ಇಡುವ ಒಬ್ಬರೇ ಇರುವ ಮನೆಗೆ ಸರಿ. ನಮಗೆ ಸ್ಟೇನ್‌ಲೆಸ್ಸೇ ಗತಿ.

ಸ್ಟೇನ್‌ಲೆಸ್‌ನಲ್ಲಿ ಎಲ್ಲರೂ ಹೇಳುವ ಹೆಸರು ವಿಜಿ-10. ಜಪಾನಿನ ಎಚಿಜೆನ್‌ನ ಟಾಕೆಫು ಸ್ಪೆಷಲ್ ಸ್ಟೀಲ್ ಮಾಡುವ ಉಕ್ಕು. ಸುಮಾರು 1 ಶೇಕಡಾ ಕಾರ್ಬನ್, 15 ಶೇಕಡಾ ಕ್ರೋಮಿಯಂ, ಸ್ವಲ್ಪ ಕೋಬಾಲ್ಟ್. 60, 61ರ ಗಟ್ಟಿತನಕ್ಕೆ ಹದ ಮಾಡುತ್ತಾರೆ. ತುಂಬಾ ಚೆನ್ನಾದ ಉಕ್ಕು. ಆದರೂ ನಾನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾಲಿಬ್ಡಿನಮ್-ವನೇಡಿಯಂ ಸ್ಟೇನ್‌ಲೆಸ್ ತೆಗೆದುಕೊಂಡೆ. ಕಾರಣ ಮೇಲೆಯೇ ಹೇಳಿದೆ. ಬೆಲೆಯೂ ಕಡಿಮೆ, ಐದು ಸಾವಿರದ ಒಳಗೆ ಮುಗಿಯಿತು.

ಅಲಗಿನ ಮೇಲೆ ಅಲೆ ಅಲೆಯಾದ ಡಮಾಸ್ಕಸ್ ಚಿತ್ತಾರ ನೋಡಿ ಮರುಳಾಗುವವರು ಬಹಳ. ಆ ಪದರಗಳು ಹೊರಗಿನ ಹೊದಿಕೆ. ಹೆಚ್ಚುವ ಕೆಲಸ ಮಾಡುವುದು ಒಳಗಿನ ಗಟ್ಟಿ ಉಕ್ಕು. 67 ಪದರ ಅಂದರೆ ಆ ಕಡೆ 33, ಈ ಕಡೆ 33, ನಡುವೆ ಒಂದು. ಉಳ್ಳಾಗಡ್ಡಿಗೆ ಇದು ಗೊತ್ತಾಗುವುದಿಲ್ಲ. ಇನ್ನು ಎಂಟುನೂರು ರೂಪಾಯಿಗೆ ಬರುವ 'ಡಮಾಸ್ಕಸ್' ಚಾಕುಗಳ ಚಿತ್ತಾರ ಲೇಸರ್‌ನಿಂದ ಬರೆದದ್ದು ಅಂದುಕೊಂಡೇ ನೋಡಿ. ಅಲೆಗಳು ಒಂದೇ ಅಚ್ಚಿನಂತೆ ಮತ್ತೆ ಮತ್ತೆ ಬಂದರೆ, ಅಂಚಿನ ಹತ್ತಿರ ಒಳ ಉಕ್ಕಿನ ಗೆರೆ ಕಾಣದಿದ್ದರೆ ಅನುಮಾನ ಪಡಿ. ಯಾವ ಉಕ್ಕು, ಎಷ್ಟು ಗಟ್ಟಿ, ಎಲ್ಲಿ ಮಾಡಿದ್ದು ಈ ಮೂರು ಬರೆಯದ ಚಾಕುವನ್ನು ನಾನು ಮುಟ್ಟುವುದಿಲ್ಲ. ಸೆಕಿ, ಸಕಾಯಿ, ಎಚಿಜೆನ್, ತ್ಸುಬಾಮೆ-ಸಾಂಜೊ ಇವು ಅಲ್ಲಿನ ಹೆಸರಾಂತ ಊರುಗಳು. ಸೆಕಿಯಲ್ಲಿ ಮೊದಲು ಕತ್ತಿ ಮಾಡುತ್ತಿದ್ದರು. 1876ರಲ್ಲಿ ಜನ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಷೇಧಿಸಿತು. ಆಮೇಲೆ ಎಷ್ಟೋ ಕಮ್ಮಾರರು ಅಡುಗೆ ಚಾಕು, ಕತ್ತರಿಗೆ ತಿರುಗಿದರು.

ಮಣೆ ಬಗ್ಗೆ ಹೇಳದಿದ್ದರೆ ಇಷ್ಟೆಲ್ಲ ಹೇಳಿದ್ದು ದಂಡ. ನಮ್ಮ ಕಡೆ ಅಡುಗೆ ಕಟ್ಟೆ ಕಡಪ ಕಲ್ಲಿನದ್ದು ಇಲ್ಲವೇ ಗ್ರಾನೈಟಿನದ್ದು. ಅವಸರದಲ್ಲಿ ಅದರ ಮೇಲೆಯೇ ಹೆಚ್ಚುತ್ತಾರೆ. ಕೆಲವರು ಸ್ಟೀಲ್ ತಟ್ಟೆ ಮೇಲೆ. ಜಪಾನಿ ಚಾಕುವಿನ ಅಂಚು ಅಲ್ಲಿ ಒಂದು ಹೊತ್ತಿನ ಅಡುಗೆಯೂ ಬಾಳುವುದಿಲ್ಲ. ಗಾಜಿನ ಬೋರ್ಡೂ ಹಾಗೆಯೇ. ನಾನು ಬಡಿಗೇರರ ಹತ್ತಿರ ಬೇವಿನ ಮರದ ಮಣೆ ಮಾಡಿಸಿದೆ. ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ.

ಕಲ್ಲಿನ ಮೇಲೆ ಮೊದಲು ಹಳೆಯ ಚಾಕುವಿನಲ್ಲೇ ಕೈ ಕುದುರಿಸಿಕೊಂಡೆ. 15 ಡಿಗ್ರಿ ಅಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಲೆಕ್ಕ ಹಾಕಿಕೊಳ್ಳಿ: ಅಲಗಿನ ಅಗಲ 45 ಮಿ.ಮೀ. ಇದ್ದರೆ ಚಾಕುವಿನ ಬೆನ್ನು ಕಲ್ಲಿನಿಂದ ಸುಮಾರು 12 ಮಿ.ಮೀ. ಮೇಲೆ ಇರಬೇಕು. ಅಷ್ಟು ದಪ್ಪದ ಮರದ ತುಂಡೊಂದನ್ನು ಅಳತೆಗೆ ಇಟ್ಟುಕೊಂಡರೆ ಕೆಲವೇ ಸಲಕ್ಕೆ ಮಣಿಕಟ್ಟಿಗೆ ರೂಢಿಯಾಗುತ್ತದೆ. ಒಂದು ಬದಿ ಉಜ್ಜುತ್ತಾ ಹೋದಂತೆ ಇನ್ನೊಂದು ಬದಿಯಲ್ಲಿ ಬೆರಳಿಗೆ ಒರಟು ಸಿಗುತ್ತದೆ. ವರ್ಕ್‌ಶಾಪಿನಲ್ಲಿ ಅದಕ್ಕೆ ಬರ್ ಅನ್ನುತ್ತೇವೆ. ಹಿಡಿಯಿಂದ ಮೊನೆಯವರೆಗೂ ಅದು ಸಿಕ್ಕರೆ ಆ ಬದಿ ಮುಗಿಯಿತು, ತಿರುಗಿಸಿ. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯಬೇಡಿ, ಬೆನ್ನಿನಿಂದ ಅಂಚಿನ ಕಡೆಗೆ ಸವರಿ.

ಕೊನೆಗೆ ಆ ಬರ್ ತೆಗೆಯಬೇಕು. ಪುಸ್ತಕದ ಪ್ರಕಾರ ಚರ್ಮದ ಪಟ್ಟಿ ಬೇಕು. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆ ತುಂಡಿಗೆ ಬರವೇ? ಹೊಲಿಗೆ ಘಟಕದವರು ಬಿಸಾಡುವ ದಪ್ಪ ಡೆನಿಮ್ ತುಂಡನ್ನು ಹಲಗೆಗೆ ಅಂಟಿಸಿದ್ದೇನೆ. ಅಂಚು ಹಿಂದೆ, ಬೆನ್ನು ಮುಂದೆ ಮಾಡಿ ನಾಲ್ಕಾರು ಸಲ ಎಳೆದರೆ ಬರ್ ಉದುರುತ್ತದೆ. ಆಮೇಲೆ ಟೊಮೆಟೊ ಮೇಲೆ ಚಾಕು ಇಟ್ಟು ಒತ್ತದೆ ಸುಮ್ನೆ ಎಳೆದು ನೋಡಿ. ಸಿಪ್ಪೆ ಹಿಡಿದುಕೊಂಡರೆ ಆಯಿತು. ಮೂರು ಸಾವಿರ, ಆರು ಸಾವಿರ ನಂಬರಿನ ಕಲ್ಲುಗಳೂ ಸಿಗುತ್ತವೆ. ಮನೆ ಪಲ್ಯಕ್ಕೆ ಅವು ಶೋಕಿ. ಸಾವಿರದ ಕಲ್ಲು ಬಿಟ್ಟ ಸಣ್ಣ ಒರಟು ಟೊಮೆಟೊ ಸಿಪ್ಪೆಗೆ ಒಳ್ಳೆಯದೇ.

ಚಾಕು ಬಂದ ಮೇಲೆ ಮೊದಲು ಗೊತ್ತಾದದ್ದು ಉಳ್ಳಾಗಡ್ಡಿಯಲ್ಲಿ. ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣು ಉರಿಸುವ ರಸ ಗಾಳಿಗೆ ಜಾಸ್ತಿ ಬರುತ್ತದೆ. ಈಗ ಉರಿ ಇಲ್ಲ ಅಂತಲ್ಲ, ಕಡಿಮೆ. ಹೆಚ್ಚಿಟ್ಟ ಕೊತ್ತಂಬರಿಯೂ ಬೇಗ ಕಪ್ಪಾಗುವುದಿಲ್ಲ. ಅವ್ವ ಮಾತ್ರ ಮುಟ್ಟಿ ನೋಡಿ, "ಇಷ್ಟು ತೆಳ್ಳಗ ಐತಿ, ಇದರಾಗ ಕುಂಬಳಕಾಯಿ ಒಡಿತೈತೇನಪ್ಪ?" ಅಂದಳು. ಒಡೆಯುವುದಿಲ್ಲ, ಒಡೆಯಲೂಬಾರದು. ಗಟ್ಟಿ ಕುಂಬಳಕಾಯಿಯಲ್ಲಿ ಸಿಕ್ಕಿಕೊಂಡ ಅಲಗನ್ನು ತಿರುಚಿದರೆ ಅಂಚಿನ ಕಥೆ ಮುಗಿಯಿತು. ಒಣ ಕೊಬ್ಬರಿ, ಅಚ್ಚು ಬೆಲ್ಲ, ಮೂಳೆ, ಫ್ರಿಜ್ಜಿನ ಮಂಜುಗಟ್ಟಿದ ಯಾವುದೂ ಇದಕ್ಕೆ ಬೇಡ. ಅವಕ್ಕೆ ಆ ಹಳೆಯ 52ರ ಚಾಕು, ಅವ್ವನ ಈಳಿಗೆ ಇವೆ. ಬೇಸಿಗೆಯಲ್ಲಿ ಉಪ್ಪಿನಕಾಯಿಗೆ ವಾಟೆ ಸಮೇತ ಮಾವಿನಕಾಯಿ ಹೋಳು ಮಾಡುವಾಗ ಹೊಸ ಚಾಕುವನ್ನು ಯಾರ ಕೈಗೂ ಸಿಗದಂತೆ ಮೇಲಿನ ಕಪಾಟಿನಲ್ಲಿ ಇಡುತ್ತೇನೆ. ನೆಂಟರು ಕೇಳಿದರೂ ಕೊಡುವುದಿಲ್ಲ.